ಓಟಕ್ಕೆ ಬಂಡಿದಾರಿ ಸಾಕು

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ. ಹುಡುಗರ ಲೆಕ್ಕ ಬಿಡಿಸಿದರೆ 400 ಮೀಟರಿನ 4 ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಇದು ಪದಕ ಗೆಲ್ಲುವ ವೇಗವಲ್ಲ. ಆದರೆ ವರ್ಷಗಟ್ಟಲೆ ಪುಸ್ತಕದ ಮುಂದೆ ಕೂತವರ ಕಾಲಿಗೆ ಎರಡು ವಾರದಲ್ಲಿ ದಕ್ಕುವ ವೇಗವೂ ಅಲ್ಲ. ನೌಕರಿಯಲ್ಲಿ ಮೀಸಲಿಗೆ ಅವಕಾಶ ಕೊಡುವ ಸಂವಿಧಾನದ 371 (ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ, ಈಗ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗದ ಮಕ್ಕಳಿಗೆ ಸರ್ಕಾರಿ ನೌಕರಿಯ ಆಸೆ ಇನ್ನಷ್ಟು ಹತ್ತಿರವಾಯಿತು. ಪೊಲೀಸ್, ಸೈನ್ಯ, ಅರೆಸೇನಾ ಪಡೆ ಯಾವುದಕ್ಕೆ ಹೊರಟರೂ ಓಟ ತಪ್ಪಿದ್ದಲ್ಲ. ಕೇಂದ್ರೀಯ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಹುಡುಗರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ನಸುಕಿನ ಕತ್ತಲೆಯಲ್ಲಿ ಓಡುವ ಹುಡುಗರ ಹಿಂದೆ ಈ ಅಂಕಿಗಳಿವೆ. ಅವರು ಓಡುವುದು ಮಾತ್ರ ಹೆಚ್ಚಾಗಿ ಡಾಂಬರು ರಸ್ತೆಯ ಅಂಚಿನಲ್ಲಿ.

ಆಳಂದ ತಾಲ್ಲೂಕಿನ ಭೂಸನೂರನ್ನೇ ತೆಗೆದುಕೊಳ್ಳಿ. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ಸಕ್ಕರೆ ಕಾರ್ಖಾನೆಯಿಂದ. ಕಬ್ಬಿನ ಸೀಮೆ ಎಲ್ಲೇ ಇರಲಿ, ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಸುರುವಾದರೆ ಮುಂದಿನ ಕೆಲವು ತಿಂಗಳು ರಸ್ತೆ ಪೂರ್ತಿ ಕಬ್ಬಿನ ಗಾಡಿಗಳದ್ದು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರ ಮೈತುಂಬ ಕಬ್ಬು. ಬದಿಗೆ ಚಾಚಿಕೊಂಡ ಜಲ್ಲೆಗಳು ಒಂದೂವರೆ ಗಾಡಿಯಷ್ಟು ಅಗಲ ನುಂಗುತ್ತವೆ, ಹಿಂದಿನ ದೀಪ ಸೋಗೆಯೊಳಗೆ ಮುಚ್ಚಿಹೋಗಿರುತ್ತದೆ. ನಸುಕಿನ ಐದು ಗಂಟೆಗೆ ಅದರ ಪಕ್ಕದಲ್ಲಿ ಓಡುವ ಹುಡುಗ ಪರೀಕ್ಷೆಯ ಚಿಂತೆಯ ಜೊತೆಗೆ ಜೀವದ ಚಿಂತೆಯನ್ನೂ ಹೊತ್ತು ಓಡಬೇಕು. ಇದರಲ್ಲೊಂದು ದುರದೃಷ್ಟದ ಹೊಂದಾಣಿಕೆಯೂ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಓಡಲು ಹದವಾದ ಕಾಲವೆಂದರೆ ಕಾರ್ತಿಕದಿಂದ ಶಿವರಾತ್ರಿಯವರೆಗಿನ ತಂಪಿನ ತಿಂಗಳುಗಳು. ರಸ್ತೆ ಅತಿ ಅಪಾಯದ್ದಾಗುವುದೂ ಅದೇ ತಿಂಗಳುಗಳಲ್ಲಿ.

ಹಾಗಾದರೆ ಓಡುವುದೆಲ್ಲಿ ಎಂಬುದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, ಒಂದು ಕ್ರೀಡಾಂಗಣ ಕಟ್ಟಿಸಿ ಎಂಬುದು. ನನ್ನ ಉತ್ತರ ಬೇರೆ. ಊರಿನ ಸುತ್ತ ಓಟದ ದಾರಿಗಳು ಆಗಲೇ ಇವೆ. ಹೊಲಗಳ ನಡುವೆ, ಹಳ್ಳದ ದಂಡೆಗೆ, ಮಡ್ಡಿಯ ನೆತ್ತಿಗೆ ಹೋಗುವ ಬಂಡಿದಾರಿ ಮತ್ತು ಕಾಲುದಾರಿಗಳೇ ಅವು. ಅವನ್ನು ಉಳಿಸಿಕೊಂಡು, ಕಾಲಕ್ಕೆ ತಕ್ಕಂತೆ ಆರಿಸಿಕೊಂಡು, ಗುರುತು ಹಾಕಿಕೊಂಡರೆ ಬಹುಪಾಲು ಕೆಲಸ ಮುಗಿದಂತೆ.

ಇದಕ್ಕೆ ಮೊದಲು ಏಳುವ ಆಕ್ಷೇಪ ನೆಲದ ಬಗ್ಗೆಯೇ. ಗುಡ್ಡ, ಕಾಡುಗಳಲ್ಲಿ ಓಡುವುದು ಮಲೆನಾಡಿನವರ ಭಾಗ್ಯ; ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾದಂಥ ದೂರದ ಓಟ ನಡೆಯುತ್ತದೆ, ನಮ್ಮ ಬಯಲಿನಲ್ಲಿ ಏನಿದೆ ಎನ್ನುತ್ತಾರೆ. ಕಾಡಿನ ಮಾತು ಒಪ್ಪತಕ್ಕದ್ದೇ. ಕಲಬುರಗಿ ಜಿಲ್ಲೆಯಲ್ಲಿ ಕಾಡು ತೀರಾ ಕಡಿಮೆ, ನೂರಕ್ಕೆ ಐದು ಪಾಲೂ ಇಲ್ಲ. ಇದ್ದುದರಲ್ಲಿ ದಟ್ಟವಾದದ್ದು ಚಿಂಚೋಳಿಯ ಕಡೆ; 2011ರಲ್ಲಿ ಅಲ್ಲಿ ಸುಮಾರು 135 ಚದರ ಕಿಲೋಮೀಟರನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆಳಂದದ ಕಡೆ ನೆರಳೆಂದರೆ ಬದುವಿನ ಬೇವು, ಹಳ್ಳದ ದಂಡೆಯ ಜಾಲಿ, ಅಲ್ಲಲ್ಲಿ ಅರಣ್ಯ ಇಲಾಖೆಯ ನೆಡುತೋಪು. ಆದರೆ ನೆಲ ಚಪ್ಪಟೆ ಎಂಬ ಮಾತನ್ನು ಒಪ್ಪಲಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ ಈ ಸೀಮೆಯ ತಳಪಾಯ. ಭೂವಿಜ್ಞಾನಿಗಳು ಇದನ್ನು ದಖನ್ ಟ್ರ್ಯಾಪ್ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡನ್ನಿನ ಮಾತಿನಿಂದ ಬಂದದ್ದು. ಹೆಸರಿಗೆ ತಕ್ಕಂತೆ ನೆಲ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಮೇಲೆ ಗರಸಿನ ಮಡ್ಡಿ, ಕೆಳಗೆ ಕಪ್ಪು ಮಣ್ಣಿನ ಎರಿ, ಅದರ ತಳದಲ್ಲಿ ಹಳ್ಳ. ಹಳ್ಳ ದಾಟಿದರೆ ಮತ್ತೆ ಏರು. ಹಳ್ಳಗಳ ನೀರು ಅಮರ್ಜಾ, ಭೀಮೆಯರ ಕಡೆ ಹೊರಳುತ್ತದೆ; ಆ ಎರಡೂ ಕೂಡುವುದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ. ಬಸ್ಸಿನಲ್ಲಿ ಕೂತವರಿಗೆ ಇದು ಬಯಲು. ಓಡುವವರ ತೊಡೆಗೆ ಮಾತ್ರ ಪ್ರತಿಯೊಂದು ಏರೂ ಗೊತ್ತಾಗುತ್ತದೆ.

ಇಂಥ ಉದ್ದನೆಯ, ಕಡಿದಲ್ಲದ ಏರಿಳಿತ ಓಟಗಾರರಿಗೆ ಎಷ್ಟು ಬೆಲೆಬಾಳುವಂಥದ್ದು ಎಂಬುದಕ್ಕೆ ನ್ಯೂಜಿಲೆಂಡಿನ ಉದಾಹರಣೆ ಒಳ್ಳೆಯ ಸಾಕ್ಷಿ. ಆರ್ಥರ್ ಲಿಡಿಯರ್ಡ್ ಎಂಬ ತರಬೇತುದಾರ ಆಕ್ಲೆಂಡಿನ ಹೊರವಲಯದ ವೈಟಾಕೆರೆ ಗುಡ್ಡಗಳಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರಿನ ಒಂದು ಸುತ್ತು ಇಟ್ಟುಕೊಂಡಿದ್ದರು. ಅವರ ಶಿಷ್ಯರು ಅದನ್ನು ಮತ್ತೆ ಮತ್ತೆ ಓಡುತ್ತಿದ್ದರು. ಆ ಶಿಷ್ಯರಲ್ಲಿ ಒಬ್ಬರಾದ ಪೀಟರ್ ಸ್ನೆಲ್ ಅವರ ಮುಖ್ಯ ಸ್ಪರ್ಧೆ 800 ಮೀಟರಿನದು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರಿನ ಚಿನ್ನ, 1964ರ ಟೋಕಿಯೋದಲ್ಲಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಅವರದಾಯಿತು. ಎರಡು ನಿಮಿಷದ ಓಟಕ್ಕೆ ಎರಡು ತಾಸಿಗೂ ಮೀರಿದ ಗುಡ್ಡದ ಓಟ ಯಾಕೆ ಬೇಕು? 1500, 1600 ಮೀಟರಿನಂಥ ಓಟದಲ್ಲಿ ದೇಹಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕವನ್ನು ಬಳಸಿಯೇ ಹುಟ್ಟಬೇಕು. ಆ ಸಾಮರ್ಥ್ಯ ಬೆಳೆಯುವುದು ತಿಂಗಳುಗಟ್ಟಲೆ, ಮಾತಾಡುತ್ತ ಓಡಬಹುದಾದಷ್ಟು ನಿಧಾನವಾಗಿ, ದೂರ ಓಡಿದಾಗ. ದಿನಾ ಗಡಿಯಾರ ಹಿಡಿದು 1600 ಮೀಟರನ್ನೇ ಜೀವ ಬಿಟ್ಟು ಓಡುವ ನಮ್ಮ ಹುಡುಗರ ಪದ್ಧತಿ ಇದಕ್ಕೆ ತದ್ವಿರುದ್ಧ. ಪೂರ್ವ ಆಫ್ರಿಕದ ಓಟಗಾರರ ಊರುಗಳೂ ಇದೇ ಕಥೆ ಹೇಳುತ್ತವೆ. ಕೆನ್ಯಾದ ಇಟೆನ್, ಇಥಿಯೋಪಿಯದ ಬೆಕೋಜಿ ದೊಡ್ಡ ಊರುಗಳಲ್ಲ, ಹೊಲಗದ್ದೆಗಳ ನಡುವಿನ ಮಣ್ಣಿನ ದಾರಿಗಳ ಊರುಗಳು. ಆ ಊರುಗಳು 2400 ಮೀಟರಿಗೂ ಮಿಕ್ಕಿದ ಎತ್ತರದಲ್ಲಿವೆ. ಕಲಬುರಗಿ ಇರುವುದು 450 ಮೀಟರಿನ ಸುಮಾರಿಗೆ. ತೆಳುಗಾಳಿಯ ಲಾಭ ನಮಗಿಲ್ಲ. ಮಣ್ಣಿನ ದಾರಿಯ ಲಾಭ ಇದೆ.

ಮಣ್ಣಿನ ದಾರಿಯ ಬಗ್ಗೆ ಒಂದು ಮಾತು ಸ್ಪಷ್ಟವಾಗಲಿ. ಮೆತ್ತನೆಯ ನೆಲದಲ್ಲಿ ಓಡಿದರೆ ಗಾಯವೇ ಆಗುವುದಿಲ್ಲ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಸಡಿಲ ನೆಲದಲ್ಲಿ ಕಾಲು ಉಳುಕುವುದು ಡಾಂಬರಿಗಿಂತ ಸುಲಭ. ಆದರೆ ಏರುಪೇರಿನ ನೆಲ ಕಾಲಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಬರೀ 2.5 ಸೆಂಟಿಮೀಟರಿನಷ್ಟು ಏರುತಗ್ಗಿರುವ ಮೇಲ್ಮೈಯಲ್ಲಿ ಜನರನ್ನು ಓಡಿಸಿ ಅಳೆದು, 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಪಾಟು ನೆಲಕ್ಕಿಂತ ಶೇ 5ರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ. ಬಂಡಿದಾರಿಯ ಏರುತಗ್ಗು ಅದಕ್ಕಿಂತ ಹೆಚ್ಚೇ ಇರುತ್ತದೆ. ಅಂದರೆ ಅದೇ ದೂರಕ್ಕೆ ಹೆಚ್ಚು ದುಡಿಮೆ, ಅದೂ ಒಂದೇ ಸ್ನಾಯುವಿಗೆ ಒಂದೇ ಬಗೆಯ ಪೆಟ್ಟು ಬೀಳದಂತೆ. ಏರಿನಲ್ಲಿ ಉಸಿರು ಬೆಳೆಯುತ್ತದೆ. ಇಳಿಜಾರು ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ತಡೆಯುವುದನ್ನು ಕಲಿಸುತ್ತದೆ. ರೂಢಿಯಿಲ್ಲದವರಿಗೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿಜಾರಿನಿಂದಲೇ ಹೊರತು ಏರಿನಿಂದಲ್ಲ. ಆದ್ದರಿಂದ ಹೊಸಬರು ಏರನ್ನು ಓಡಿ, ಇಳಿಜಾರನ್ನು ನಡೆದು ಬರುವುದು ಮೇಲು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಎರಿ ನೆಲದಲ್ಲಿ ಮಳೆಗಾಲದಲ್ಲಿ ನಡೆಯುವುದೇ ಕಷ್ಟ, ಓಡುವುದೆಲ್ಲಿ ಬಂತು? ಈ ಮಣ್ಣಿನ ಗುಣ ಬಲ್ಲವರು ಕೇಳುವ ಪ್ರಶ್ನೆ ಇದು, ಉತ್ತರವೂ ಮಣ್ಣಿನಲ್ಲೇ ಇದೆ. ಎರಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಒಂದು ಹದ ಮಳೆಯಾದ ಮರುದಿನ ಎರಿದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಬೂಟಿನ ಅಡಿಗೆ ಒಂದು ಪದರ ಅಂಟುತ್ತದೆ, ಅದರ ಮೇಲೆ ಹುಲ್ಲು, ಕಡ್ಡಿ, ಮತ್ತೊಂದು ಪದರ. ಇಪ್ಪತ್ತು ಹೆಜ್ಜೆಗೆ ಕಾಲು ಆನೆಕಾಲಾಗುತ್ತದೆ. ಕಡ್ಡಿ ತಗೊಂಡು ಕೆರೆದು ಮುಂದೆ ಹೊರಟರೆ ಮತ್ತೆ ಅದೇ. ಬೇಸಿಗೆಯಲ್ಲಿ ಅದೇ ನೆಲ ಪಾದ ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಆದರೆ ಊರಿನ ಸೀಮೆಯೆಲ್ಲ ಎರಿಯಲ್ಲ. ಎತ್ತರದ ಮಡ್ಡಿಯಲ್ಲಿ ಮಣ್ಣು ತೆಳು, ಕೆಳಗೆ ಗರಸು, ಮೊರಮು. ಅಲ್ಲಿ ಬಿದ್ದ ಮಳೆ ನಿಲ್ಲದೆ ಇಳಿದುಹೋಗುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಹೆಜ್ಜೆ ಗಟ್ಟಿ ನಿಲ್ಲುತ್ತದೆ. ಹೀಗಾಗಿ ಒಂದೇ ಊರಿಗೆ ಎರಡು ಓಟದ ದಾರಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡ್ಡಿಯ ದಾರಿ. ದಸರೆಯ ನಂತರ ನೆಲ ಆರಿ, ಬಂಡಿ ಗಾಲಿ ಮತ್ತು ಟ್ರ್ಯಾಕ್ಟರಿನ ಗಾಲಿ ತಿರುಗಿ ಹುಡಿ ಕೂತ ಮೇಲೆ ಎರಿಹೊಲಗಳ ನಡುವಿನ ಉದ್ದನೆಯ ದಾರಿ. ಚಳಿಗಾಲದ ಎರಿದಾರಿಯಷ್ಟು ಹಿತವಾದ ಓಟದ ನೆಲ ಕಡಿಮೆ. ಗಾಲಿ ತುಳಿದ ಜಾಡು ಗಟ್ಟಿ, ಅದರ ಮೇಲೆ ಅರ್ಧ ಬೆರಳು ಮೆತ್ತನೆ ಹುಡಿ. ಜೇವರ್ಗಿಯ ಕಡೆ ಹೋದಂತೆ ಕೆಲವೆಡೆ ತಳದ ಕಲ್ಲು ಬದಲಾಗಿ ಸುಣ್ಣಕಲ್ಲು ಮೇಲೆ ಬರುತ್ತದೆ, ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನ ಜಾತಿಯದು. ಅಲ್ಲಿನ ಲೆಕ್ಕವನ್ನು ಅಲ್ಲಿಯವರೇ ಹಾಕಬೇಕು.

ಇನ್ನು ದಾರಿ ಇದೆಯೇ ಎಂಬ ಪ್ರಶ್ನೆ. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಪ್ರತಿ ಊರಿಗೂ ಭೂಮಾಪನ ಇಲಾಖೆಯ ಗ್ರಾಮ ನಕಾಶೆ ಇದೆ. ಅದರಲ್ಲಿ ಸರ್ವೆ ನಂಬರುಗಳ ನಡುವೆ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ತಂಟೆ ತಕರಾರುಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತು ಹುಟ್ಟಿದ್ದು ಇದರಿಂದ. ಈಗ ನಕಾಶೆಗೆ ತಾಲ್ಲೂಕು ಕಚೇರಿ ಅಲೆಯಬೇಕಾಗಿಯೂ ಇಲ್ಲ. ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ನಿಂತ ಜಾಗದ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಕಾಗದದ ಮೇಲೆ ಇರುವ ದಾರಿ ನೆಲದ ಮೇಲೆ ಇರಬೇಕೆಂದಿಲ್ಲ, ಅದೇ ಸಂಕಟ. ಯಾರೂ ಒಂದೇ ದಿನ ದಾರಿ ಮುಚ್ಚುವುದಿಲ್ಲ. ವರ್ಷಕ್ಕೊಂದು ಸಾಲು ಆಚೆ ಹೊಡೆಯುತ್ತಾರೆ, ಎದುರಿನವರೂ ಒಂದು ಸಾಲು ಈಚೆ. ಹತ್ತು ಮುಂಗಾರು ಕಳೆಯುವ ಹೊತ್ತಿಗೆ ಬಂಡಿದಾರಿ ಕಾಲುದಾರಿಯಾಗಿ, ಕಾಲುದಾರಿ ಬದುವಾಗಿ, ಬದುವಿನ ಮೇಲೆ ಜಾಲಿಮುಳ್ಳು ಬಿದ್ದು ಮುಗಿಯುತ್ತದೆ. ಎತ್ತಿನ ಬಂಡಿ ಕಡಿಮೆಯಾದದ್ದು ಇದಕ್ಕೆ ಇನ್ನೊಂದು ಕಾರಣ. ದಾರಿಯನ್ನು ದಾರಿಯಾಗಿ ಉಳಿಸುವುದು ಕಾಯ್ದೆಗಿಂತ ಹೆಚ್ಚಾಗಿ ಅದರ ಮೇಲೆ ದಿನಾ ಬೀಳುವ ಹೆಜ್ಜೆ.

ಇಂಗ್ಲೆಂಡಿನಲ್ಲಿ ಇದನ್ನು ಬಲ್ಲವರು ಸುಮಾರು ಎಪ್ಪತ್ತೈದು ವರ್ಷಗಳಿಂದ ಕೆಲಸ ಮಾಡುತ್ತ ಬಂದಿದ್ದಾರೆ. ಅಲ್ಲಿ 1949ರ ಕಾಯ್ದೆ ಪ್ರತಿ ಜಿಲ್ಲಾಡಳಿತಕ್ಕೂ ಸಾರ್ವಜನಿಕರು ನಡೆಯುವ ಹಕ್ಕಿರುವ ದಾರಿಗಳ ಅಧಿಕೃತ ನಕಾಶೆ ಮಾಡುವ ಹೊಣೆ ಹೊರಿಸಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಅಂಥ ದಾರಿಗಳ ಉದ್ದ ಸುಮಾರು 2.25 ಲಕ್ಷ ಕಿಲೋಮೀಟರ್. ಅವುಗಳಲ್ಲಿ ಎಷ್ಟೋ ದಾರಿಗಳು ಖಾಸಗಿ ಹೊಲದ ನಡುವೆಯೇ ಹಾದುಹೋಗುತ್ತವೆ. ಹೊಲ ಒಡೆಯರದ್ದೇ, ಹಾದುಹೋಗುವ ಹಕ್ಕು ಎಲ್ಲರದು. ಅಲ್ಲಿನ ಹಳ್ಳಿಗಳ ಗುಡ್ಡದ ಓಟಗಳು ಬದುಕಿರುವುದು ಈ ದಾರಿಗಳಿಂದ. ನಮ್ಮ ನಕಾಶೆಗಳೇನೂ ಅದಕ್ಕಿಂತ ಬಡವಲ್ಲ. ನಡೆಯುವ ಸಂಪ್ರದಾಯವೂ ಬಡವಲ್ಲ: ಘತ್ತರಗಿ ಭಾಗ್ಯವಂತಿಗೆ, ಗಾಣಗಾಪುರದ ದತ್ತನಿಗೆ, ದೂರದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ.

ಹೊಲದವರು ಒಪ್ಪುತ್ತಾರೆಯೇ? ತೊಗರಿ ಹೂವಿಗೆ ಬಂದಾಗ ಯಾರೋ ನಾಲ್ಕು ಹುಡುಗರು ಬದುವಿನ ಮೇಲೆ ಓಡಿದರೆ ರೈತರಿಗೆ ಸಿಟ್ಟು ಬರುವುದು ಸಹಜ; ಈ ಸೀಮೆಯ ಬದುಕು ನಿಂತಿರುವುದೇ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ಮೇಲೆ. ಆದ್ದರಿಂದ ಓಟ ಬದುವಿನ ಮೇಲೆ ಸಲ್ಲದು, ನಕಾಶೆ ಕಂಡ ದಾರಿಯಲ್ಲೇ ಆಗಬೇಕು. ಆ ದಾರಿ ಬಿಡುವುದರಿಂದ ರೈತರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು ನನ್ನ ನಂಬಿಕೆ. ದಾರಿ ಮುಚ್ಚಿದರೆ ಮೊದಲು ಸಿಕ್ಕಿಬೀಳುವುದು ಓಟಗಾರರಲ್ಲ, ಒಳಗಿನ ಹೊಲದವರು. ರಾಶಿ ಮಾಡಿದ ತೊಗರಿಯನ್ನು ಹೊರಗೆ ಸಾಗಿಸಲಾಗದೆ, ಕಬ್ಬಿನ ಗಾಡಿ ಒಳಗೆ ಬರಲಾಗದೆ, ಅಕ್ಕಪಕ್ಕದವರ ಕಾಲು ಹಿಡಿಯುವವರು ಅವರೇ. ಉದ್ಯೋಗ ಖಾತರಿಯ ಹಣದಲ್ಲಿ ಹೊಲದ ದಾರಿ ಮಾಡಿಸುವ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆ ಬಂದದ್ದು ಇಂಥವರಿಗಾಗಿಯೇ. ಒಂದು ಊರಿನ ಹುಡುಗರು ನಕಾಶೆ ಹಿಡಿದು ದಾರಿ ತೆರವಿಗೆ ಅರ್ಜಿ ಕೊಟ್ಟರೆ ಅವರ ಹಿಂದೆ ಒಳಹೊಲದ ರೈತರೂ ನಿಲ್ಲುತ್ತಾರೆ.

ಹೊಲದಲ್ಲಿ ದುಡಿಯುವವರಿಗೆ ಮತ್ತೆ ಓಟ ಯಾಕೆ, ಇದು ಪಟ್ಟಣದವರ ಗೀಳಲ್ಲವೇ ಎಂಬ ಮಾತಿಗೂ ಉತ್ತರ ಕೊಡಬೇಕು. ಹಿಂದಿನ ದುಡಿಮೆಯ ಬಗ್ಗೆ ಈ ಮಾತು ನಿಜ. ಕುಂಟೆ ಹೊಡೆದವರಿಗೆ, ಕಣ ಮಾಡಿದವರಿಗೆ ಓಟದ ಉಪದೇಶ ಬೇಕಿರಲಿಲ್ಲ. ಈಗ ಉಳುಮೆ ಟ್ರ್ಯಾಕ್ಟರಿನದು, ರಾಶಿ ಯಂತ್ರದ್ದು, ಹೊಲಕ್ಕೆ ಹೋಗುವುದು ಬೈಕಿನ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂದಾಗ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ 35.5 ಮಂದಿಗೆ ಏರಿದ ರಕ್ತದೊತ್ತಡ ಕಂಡುಬಂದಿತ್ತು. ಹಳ್ಳಿಗಳೂ ಅದರಿಂದ ಹೊರಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಇಲ್ಲವೇ 75 ನಿಮಿಷದ ಓಟ. ನೌಕರಿಯ ವಯಸ್ಸು ದಾಟಿದವರಿಗೂ ಅದೇ ಬಂಡಿದಾರಿ ಬೇಕಾಗುತ್ತದೆ.

ಕ್ರೀಡಾಂಗಣ ಬೇಡವೇ ಎಂದರೆ, ಬೇಕು. ತಾಲ್ಲೂಕಿಗೊಂದು ಒಳ್ಳೆಯ ಮೈದಾನ ಇರಲೇಬೇಕು. 400 ಮೀಟರಿನ ಸುತ್ತನ್ನು ಗಡಿಯಾರಕ್ಕೆ ಹೊಂದಿಸುವುದನ್ನು ಅಲ್ಲೇ ಕಲಿಯಬೇಕು. ಆದರೆ ತಾಲ್ಲೂಕು ಕೇಂದ್ರಕ್ಕೆ ದಿನಾ ನಸುಕಿನಲ್ಲಿ ಬಸ್ಸು ಹಿಡಿದು ಹೋಗುವ ಹಳ್ಳಿಯ ಮಕ್ಕಳು ಎಷ್ಟು ಮಂದಿ ಸಿಕ್ಕಾರು? ಹುಡುಗಿಯರಂತೂ ಇನ್ನೂ ಕಡಿಮೆ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 400 ಮೀಟರನ್ನು 2 ನಿಮಿಷದಲ್ಲಿ ಓಡುವುದು ಆರೋಗ್ಯವಂತ ಹುಡುಗಿಗೆ ದೊಡ್ಡ ಮಾತಲ್ಲ. ಅಭ್ಯಾಸಕ್ಕೆ ಮನೆಯಿಂದ ಹೊರಬೀಳುವುದು ದೊಡ್ಡ ಮಾತು. ಹೊಲದ ದಾರಿ ನಿರ್ಜನ, ಅಲ್ಲಿ ಹೇಗೆ ಕಳಿಸುವುದು ಎಂದು ತಂದೆತಾಯಿ ಹೆದರುತ್ತಾರೆ. ಆ ಹೆದರಿಕೆಯನ್ನು ತಳ್ಳಿಹಾಕುವವರು ಹಳ್ಳಿ ಕಂಡವರಲ್ಲ. ಆದರೆ ಎಲ್ಲ ಹೊಲವೂ ಒಂದೇ ಬಗೆಯಲ್ಲ. ಬೆಳೆದ ಕಬ್ಬು ಆಳೆತ್ತರ ಮೀರಿ ನಿಲ್ಲುತ್ತದೆ. ಅದರ ನಡುವಿನ ದಾರಿಯಲ್ಲಿ ಹತ್ತು ಮಾರು ಆಚೆಗೆ ಏನೂ ಕಾಣದು. ಕಾರ್ತಿಕದ ಹೊತ್ತಿಗೆ ತೊಗರಿಯೂ ಎದೆಮಟ್ಟ ದಾಟುತ್ತದೆ. ಕಡಲೆ ಹೊಲ ಮೊಣಕಾಲು ಮೀರುವುದಿಲ್ಲ, ಮಡ್ಡಿಯ ಮೇಲಂತೂ ಊರಿನ ಗುಡಿಯ ಶಿಖರದಿಂದ ಹಿಡಿದು ಆಚೆಯ ಹಳ್ಳದವರೆಗೆ ಎಲ್ಲ ಬಯಲು. ಯಾವ ವರ್ಷ ಯಾವ ಕಡೆ ಏನು ಬಿತ್ತಿದ್ದಾರೆ ಎಂಬುದನ್ನು ನೋಡಿ ಆ ವರ್ಷದ ದಾರಿ ಆರಿಸಬೇಕು. ಹೋಗಿ ಅದೇ ದಾರಿಯಲ್ಲಿ ಮರಳುವುದಕ್ಕಿಂತ ಊರಿನ ಕಣ್ಣಳತೆಯಲ್ಲಿ ಸುತ್ತುವ ದಾರಿ ಮೇಲು. ಕಳೆ ತೆಗೆಯುವ, ರಾಶಿ ಮಾಡುವ ದಿನಗಳಲ್ಲಿ ಹೊಲದ ತುಂಬ ಹೆಂಗಸರೇ ಇರುತ್ತಾರೆ. ಆ ಅಕ್ಕಂದಿರ, ಚಿಗವ್ವಂದಿರ ಕಣ್ಣಿಗಿಂತ ಒಳ್ಳೆಯ ಕಾವಲು ಯಾವ ಕ್ರೀಡಾಂಗಣದ ಗೋಡೆಯೂ ಕೊಡದು.

ಹಾವು, ನಾಯಿ, ಬಿಸಿಲು, ಹೊಗೆ ಇವುಗಳ ಮಾತನ್ನು ಚಿಕ್ಕದಾಗಿ ಮುಗಿಸಬಹುದು. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ದಿನ ಆ ಕಡೆ ಓಡಬಾರದು. ಏದುಸಿರಿನಲ್ಲಿ ಎಳೆದುಕೊಳ್ಳುವ ಹೊಗೆ ಕೂತವರಿಗಿಂತ ಎಷ್ಟೋ ಪಾಲು ಹೆಚ್ಚು. ಮೇ ತಿಂಗಳಲ್ಲಿ ಬೆಳಗ್ಗೆ ಏಳು ಗಂಟೆಯ ಮೇಲೆ ಓಡುವುದು ಬೇಡ. ಕತ್ತಲಿದ್ದಾಗ ಕೈಯಲ್ಲಿ ಬ್ಯಾಟರಿ, ಕಾಲಿಗೆ ಬೂಟು ಇರಲಿ. ಹಾವು ಹೆಚ್ಚು ಇರುವುದು ಬದುವಿನ ಹುಲ್ಲಿನಲ್ಲಿ, ತುಳಿದ ದಾರಿಯ ನಡುವೆ ಅಲ್ಲ. ಹೊಲದ ನಾಯಿ ಬೆನ್ನುಹತ್ತಿದರೆ ನಿಂತು ನಡೆಯಬೇಕು.

ಕೊನೆಗೆ ಅಳತೆ. 1600 ಮೀಟರ್ ಎಲ್ಲಿಂದ ಎಲ್ಲಿಗೆ ಎಂದು ಗೊತ್ತಿಲ್ಲದೆ ಓಡಿದವರು ಪರೀಕ್ಷೆಯ ದಿನ ಮೂರನೆಯ ಸುತ್ತಿಗೇ ಬಸವಳಿಯುತ್ತಾರೆ. ಮೊಬೈಲಿನ ಅಳತೆ ಅಷ್ಟಿಷ್ಟು ತಪ್ಪುತ್ತದೆ. ಊರಲ್ಲಿ ಗುಂಟೆಯ ಲೆಕ್ಕ ಬಲ್ಲವರು ಇದ್ದೇ ಇರುತ್ತಾರೆ: ಗುಂಟೆಯ ಒಂದು ಬದಿ 33 ಅಡಿ, ಹಳೆಯ ಸರ್ವೆಯ 16 ಆಣೆ ಸರಪಳಿಯ ಉದ್ದವೂ ಅಷ್ಟೇ, ಹೆಚ್ಚುಕಡಿಮೆ 10.06 ಮೀಟರ್. ಅಂಥ 33 ಅಡಿಯ ಹಗ್ಗ ಹಿಡಿದು ಇಬ್ಬರು ಮಡ್ಡಿಯ ದಾರಿಯುದ್ದಕ್ಕೂ 159 ಸಲ ಎಳೆದು ಹಾಕಿದರೆ 1600 ಮೀಟರಿಗೆ ಒಂದು ಗೇಣಷ್ಟೂ ಹೆಚ್ಚಿಲ್ಲ, ಒಂದು ಮೀಟರಿನಷ್ಟೂ ಕಡಿಮೆಯಿಲ್ಲ. ಪ್ರತಿ 39 ಮುಕ್ಕಾಲು ಸರಪಳಿಗೆ ಒಂದು ಕಲ್ಲು ನೆಟ್ಟು ಸುಣ್ಣ ಬಳಿದರೆ ಅದು ಹುಡುಗಿಯರ 400 ಮೀಟರಿನ ಗುರುತೂ ಆಗುತ್ತದೆ.